ಬಿಯರ್ ಕೆಟ್ಟರೆ ತಪ್ಪು ಯಾರದು? ಒಬ್ಬ ಪೇಂಟರ್, ಒಂದು ಹೆಪ್ಪು ಮತ್ತು ತೊಳೆಯುವವರ ಇತಿಹಾಸ

ಇವತ್ತಿನ ವಿಷಯ ಬಿಯರ್. ಗಾಬರಿ ಬೇಡ, ಕುಡೀರಿ ಅಂತ ಹೇಳೋಕೆ ಬಂದಿಲ್ಲ. ಬಿಯರ್ ಮುಟ್ಟದೇ ಇರೋರಿಗೂ ಈ ಕಥೆ ಬೇಕು. ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪಿಎಚ್ ಮಾಪನ ಇದೆಯಲ್ಲ, ಹಾಲಿನ ಪುಡಿಯಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ ಇದೆಯಲ್ಲ, ಎರಡೂ ಹುಟ್ಟಿದ್ದು ಒಂದೇ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಅಲ್ಲಿಗೆ ಹೋಗೋಣ. ಆದರೆ ಅದಕ್ಕೆ ಮುಂಚೆ ನಮ್ಮ ಅಡುಗೆಮನೆಗೆ.

ಮೊಸರಿಗೆ ಹೆಪ್ಪು ಹಾಕೋದು ಹೇಗೆ? ನಿನ್ನೆಯ ಮೊಸರಲ್ಲಿ ಒಂದು ಚಮಚ ತೆಗೆದು ಇವತ್ತಿನ ಹಾಲಿಗೆ. ನಾಳೆಗೆ ಮತ್ತೆ ಇವತ್ತಿಂದ ಒಂದು ಚಮಚ. ಒಂದು ದಿನ ಮೊಸರು ಲೋಳೆಲೋಳೆ ಆಯ್ತು ಅಂದ್ಕೊಳ್ಳಿ, ಅದೇ ಹೆಪ್ಪು ಹಾಕಿದರೆ ಮರುದಿನವೂ ಲೋಳೆಯೇ. ಆಗ ಏನ್ ಮಾಡ್ತೀವಿ? ಪಕ್ಕದ ಮನೆಗೆ ಹೋಗಿ ಒಂದು ಬಟ್ಟಲು ಒಳ್ಳೆ ಹೆಪ್ಪು ಕೇಳಿ ತರ್ತೀವಿ. ಯುರೋಪಿನ ಬಿಯರ್ ಮಾಡೋರೂ ನೂರಾರು ವರ್ಷ ಮಾಡಿದ್ದು ಇಷ್ಟೇ. ಒಂದು ಸಲ ಮಾಡಿದ ಬಿಯರಿನ ತಳದಲ್ಲೋ ಮೇಲಿನ ನೊರೆಯಲ್ಲೋ ಉಳಿದ ಬೂದುಬಣ್ಣದ ಕೆಸರನ್ನ ಎತ್ತಿಟ್ಟು ಮುಂದಿನ ಸಲಕ್ಕೆ ಹಾಕೋರು. ಚೆನ್ನಾಗಿ ಬಂದರೆ ದೇವರ ದಯೆ. ಹುಳಿ ಬಂದರೆ ಸೆಖೆ, ಗುಡುಗು, ಕೆಟ್ಟ ಕಣ್ಣು, ಏನೋ ಒಂದು ಕಾರಣ.

ಆ ಕೆಸರು ಏನು ಅನ್ನೋದೇ ಗೊತ್ತಿರಲಿಲ್ಲ. 1516ರ ಏಪ್ರಿಲ್ 23ರಂದು ಬವೇರಿಯಾದ ಇಂಗೋಲ್‌ಸ್ಟಾಟ್‌ನಲ್ಲಿ ಹೊರಟ ಆದೇಶ ಪ್ರಸಿದ್ಧ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಅಂತ. ಹಾಪ್ಸ್ ಅಂದ್ರೆ ಕಹಿ ಕೊಡುವ ಒಂದು ಬಳ್ಳಿಯ ಹೂವು. ಇವತ್ತು ಜರ್ಮನ್ ಬಾಟಲಿಗಳ ಮೇಲೆ ಈ ಕಾನೂನನ್ನ 'ಶುದ್ಧತೆಯ ಕಾನೂನು' ಅಂತ ಮೆರೆಸ್ತಾರೆ. ಆದರೆ ಆದೇಶದ ಪಠ್ಯ ತೆಗೆದು ನೋಡಿದರೆ ಅದರಲ್ಲಿ ಹೆಚ್ಚಿನ ಭಾಗ ಬಿಯರನ್ನ ಎಷ್ಟು ಬೆಲೆಗೆ ಮಾರಬೇಕು ಅನ್ನೋದರ ಬಗ್ಗೆ. ಬಾರ್ಲಿ ಮಾತ್ರ ಅಂತ ಹೇಳಿದ್ದಕ್ಕೆ ಗೋಧಿ ಬ್ರೆಡ್ಡಿಗೆ ಉಳೀಲಿ ಅನ್ನೋ ಲೆಕ್ಕಾಚಾರವೂ ಕಾರಣ. ಮುಖ್ಯವಾಗಿ, ಆ ಪಟ್ಟಿಯಲ್ಲಿ ಯೀಸ್ಟ್ ಇಲ್ಲ! ಬಿಯರನ್ನ ಬಿಯರ್ ಮಾಡೋದೇ ಯೀಸ್ಟ್. ಮೊಸರಿನ ಕಾನೂನು ಬರೆದು ಹೆಪ್ಪನ್ನೇ ಮರೆತ ಹಾಗೆ. ಅದಕ್ಕೇ ಶುಚಿತ್ವದ ಇತಿಹಾಸವನ್ನ 1516ರಿಂದ ಶುರು ಮಾಡೋದು ನನಗೆ ಒಪ್ಪಿಗೆ ಇಲ್ಲ.

ಹಾಲೆಂಡಿನ ಲೇವನ್‌ಹುಕ್ 1680ರಲ್ಲಿ ತನ್ನ ಕೈಯಾರೆ ಉಜ್ಜಿದ ಮಸೂರದಲ್ಲಿ ಬಿಯರಿನ ಹನಿ ನೋಡಿ, ಸಣ್ಣ ಸಣ್ಣ ಗುಂಡುಗಳಿವೆ ಅಂತ ಬರೆದ. ಅವು ಜೀವಿಗಳು ಅಂತ ಅವನಿಗೆ ಹೊಳೆಯಲಿಲ್ಲ. ಅದಾಗಿ ನೂರೈವತ್ತು ವರ್ಷ ಕಳೆದ ಮೇಲೆ, 1837ರ ಆಸುಪಾಸಿನಲ್ಲಿ, ಮೂವರು ಬೇರೆ ಬೇರೆಯಾಗಿ 'ಯೀಸ್ಟ್ ಜೀವಂತ' ಅಂತ ಹೇಳಿದರು. ರಸಾಯನಶಾಸ್ತ್ರದ ದೊಡ್ಡವರಿಗೆ ನಗು ಬಂತು. ವೋಲರ್ ಮತ್ತು ಲೀಬಿಗ್ ತಾವೇ ನಡೆಸುತ್ತಿದ್ದ ವಿಜ್ಞಾನ ಪತ್ರಿಕೆಯಲ್ಲಿ 1839ರಲ್ಲಿ ಒಂದು ಅನಾಮಧೇಯ ಲೇವಡಿ ಹಾಕಿದರು. ಭಟ್ಟಿ ಇಳಿಸುವ ಪಾತ್ರೆಯ ಆಕಾರದ ಪುಟ್ಟ ಪ್ರಾಣಿಗಳು ಸಕ್ಕರೆ ತಿಂದು ಒಂದು ಕಡೆಯಿಂದ ಮದ್ಯ, ಇನ್ನೊಂದು ಕಡೆಯಿಂದ ಗ್ಯಾಸ್ ಬಿಡ್ತಾ ಇವೆ ಅಂತ. ತಮಾಷೆ ಏನಂದ್ರೆ, ಆಕಾರ ಒಂದು ಬಿಟ್ಟರೆ ಅವರು ಬರೆದದ್ದು ಹೆಚ್ಚುಕಡಿಮೆ ನಿಜವೇ.

ಆಮೇಲೆ ಪಾಶ್ಚರ್. ಅವರ ಕಥೆ ನಿಮಗೆ ಗೊತ್ತಿರೋದೇ, ಉದ್ದ ಎಳೆಯಲ್ಲ. 1870ರ ಯುದ್ಧದಲ್ಲಿ ಜರ್ಮನ್ನರ ಎದುರು ಫ್ರಾನ್ಸ್ ಸೋತಿತು. ಪಾಶ್ಚರ್‌ಗೆ ಎಷ್ಟು ಸಿಟ್ಟು ಅಂದ್ರೆ, ಬಾನ್ ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿಯನ್ನ ವಾಪಸ್ ಕಳಿಸಿದರು. ಜರ್ಮನಿಯನ್ನ ಬಿಯರಿನಲ್ಲಾದರೂ ಸೋಲಿಸಬೇಕು ಅಂತ ಹಟ ಹಿಡಿದು ಕೂತರು. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ, ಪೋರ್ಟರ್ ಅನ್ನೋ ಕಪ್ಪು ಬಿಯರಿನ ಯೀಸ್ಟನ್ನ ಮೈಕ್ರೋಸ್ಕೋಪಿನಲ್ಲಿ ನೋಡಿ, ಇದರಲ್ಲಿ ದೋಷ ಇದೆ ಅಂತ ಹೇಳಿಬಿಟ್ಟರು. ಮ್ಯಾನೇಜರುಗಳಿಗೆ ದಿಗ್ಭ್ರಮೆ. ರುಚಿ ನೋಡದೆ ಹೇಗೆ ಹೇಳ್ತಾರೆ ಇವರು? ಅದೇ ಬಿಯರಿನ ಬಗ್ಗೆ ಗಿರಾಕಿಗಳ ದೂರು ಬಂದಿತ್ತು. ಒಂದು ವಾರ ಬಿಟ್ಟು ಪಾಶ್ಚರ್ ಮತ್ತೆ ಹೋದಾಗ ಬ್ರೂವರಿಯವರು ಹೊಸ ಮೈಕ್ರೋಸ್ಕೋಪ್ ಕೊಂಡಾಗಿತ್ತು. 1876ರಲ್ಲಿ ಬಿಯರ್ ಬಗ್ಗೆ ಅವರ ದೊಡ್ಡ ಪುಸ್ತಕ ಬಂತು. ಅದರ ಸಾರಾಂಶ: ಬಿಯರ್ ತಾನಾಗಿ ಕೆಡೋದಿಲ್ಲ, ಬ್ಯಾಕ್ಟೀರಿಯಾ ಬಂದು ಕೆಡಿಸುತ್ತೆ.

ಇದು ಸರಿ. ಆದರೆ ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನ ಕಂಡುಹಿಡಿದವನು ಒಬ್ಬ ಪೇಂಟರ್.

ಅದಕ್ಕೆ ಮುಂಚೆ ಇನ್ನೊಬ್ಬರನ್ನ ಪರಿಚಯ ಮಾಡಿಕೊಡಬೇಕು. ಕೋಪನ್‌ಹೇಗನ್‌ನ ಜೆ.ಸಿ. ಯಾಕೋಬ್‌ಸನ್. ಆಗ ಮ್ಯೂನಿಕ್‌ನಲ್ಲಿ ಸೆಡಲ್ಮಾಯರ್ ಅನ್ನೋರ ಸ್ಪಾಟನ್ ಬ್ರೂವರಿಗೆ ಬಹಳ ಹೆಸರು. ಈ ಸೆಡಲ್ಮಾಯರ್ ಸಾಹೇಬರು ಸಾಮಾನ್ಯರಲ್ಲ. 1833ರಲ್ಲಿ ಗೆಳೆಯ ಡ್ರೇಯರ್ ಜೊತೆ ಬ್ರಿಟನ್ ಸುತ್ತಿದ್ದರು. ಅಲ್ಲಿನ ಬ್ರೂವರಿಗಳಲ್ಲಿ ಒಳಗೆ ಟೊಳ್ಳಾದ ಒಂದು ಊರುಗೋಲು ಹಿಡಿದು ಓಡಾಡಿ, ಯಾರಿಗೂ ಕಾಣದ ಹಾಗೆ ಅದನ್ನ ತೊಟ್ಟಿಗೆ ಅದ್ದಿ, ಸ್ಯಾಂಪಲ್ ಕದ್ದು ರೂಮಿಗೆ ತಂದು ಅಳತೆ ಮಾಡೋರು! ಇಂಥ ಕಳ್ಳ ವಿದ್ಯಾರ್ಥಿ ಮುಂದೆ ಉದಾರ ಮೇಷ್ಟ್ರಾದರು. ತಮ್ಮಲ್ಲಿಗೆ ಬಂದ ಯಾಕೋಬ್‌ಸನ್‌ಗೆ ಮನಸ್ಸುಬಿಚ್ಚಿ ಕಲಿಸಿದರು. 1845ರಲ್ಲಿ ಯಾಕೋಬ್‌ಸನ್ ಅಲ್ಲಿಂದ ಎರಡು ಡಬ್ಬಿ ಯೀಸ್ಟ್ ತಗೊಂಡು ಕುದುರೆಗಾಡಿಯಲ್ಲಿ ಊರಿಗೆ ಹೊರಟರು. ಅದು ತಂಪಿನಲ್ಲಿ ಬದುಕುವ ಲಾಗರ್ ಯೀಸ್ಟ್, ಬಿಸಿಯಾದರೆ ಸಾಯುತ್ತೆ. ಗಾಡಿ ನಿಂತ ಕಡೆಯೆಲ್ಲ ಇಳಿದು ಡಬ್ಬಿಗಳ ಮೇಲೆ ತಣ್ಣೀರು ಸುರಿದುಕೊಂಡೇ ಅದನ್ನ ಬದುಕಿಸಿ ತಂದರಂತೆ. ದೂರದ ಊರಿಗೆ ಮಗಳನ್ನ ಕಳಿಸುವಾಗ ಅಮ್ಮ ಉಪ್ಪಿನಕಾಯಿ ಡಬ್ಬಿ ಕೊಟ್ಟು, ಅಲುಗಾಡದ ಹಾಗೆ ತೊಡೆ ಮೇಲಿಟ್ಟುಕೋ ಅಂತಾಳಲ್ಲ, ಆ ಥರ. 1847ರಲ್ಲಿ ಊರಾಚೆ ಒಂದು ದಿಬ್ಬದ ಮೇಲೆ ಸ್ವಂತ ಬ್ರೂವರಿ ಕಟ್ಟಿದರು. ಮಗನ ಹೆಸರು ಕಾರ್ಲ್, ದಿಬ್ಬಕ್ಕೆ ಅವರ ಭಾಷೆಯಲ್ಲಿ ಬ್ಯೆರ್ಗ್. ಸೇರಿಸಿ ಕಾರ್ಲ್ಸ್‌ಬರ್ಗ್.

ದುಡ್ಡು ಚೆನ್ನಾಗಿ ಬಂತು. 1875ರಲ್ಲಿ ಬ್ರೂವರಿಯೊಳಗೇ ಒಂದು ಪ್ರಯೋಗಾಲಯ ಕಟ್ಟಿಸಿದರು. ಮರುವರ್ಷ ಅದನ್ನ ನೋಡಿಕೊಳ್ಳೋಕೆ ಒಂದು ಪ್ರತಿಷ್ಠಾನ ಮಾಡಿ, ನಿಯಮಾವಳಿಯಲ್ಲಿ ಒಂದು ಷರತ್ತು ಬರೆಸಿದರು: ಇಲ್ಲಿ ಕಂಡುಹಿಡಿದ ಮಹತ್ವದ ಯಾವ ಸಂಗತಿಯನ್ನೂ ಗುಟ್ಟಾಗಿ ಇಡಕೂಡದು. ಒಬ್ಬ ವ್ಯಾಪಾರಿ ತನ್ನ ದುಡ್ಡಲ್ಲಿ ನಡೆಸುವ ಲ್ಯಾಬಿಗೆ ತಾನೇ ಹೀಗೆ ಬರೆದುಕೊಳ್ಳೋದು! ಬರೆಯುವಾಗ ಸುಲಭ, ಖರ್ಚಿಲ್ಲ. ಇದಕ್ಕೆ ಪರೀಕ್ಷೆ ಬಂದದ್ದು 1883ರಲ್ಲಿ.

ಈಗ ನಮ್ಮ ಪೇಂಟರ್. ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್, 1842ರಲ್ಲಿ ಡೆನ್ಮಾರ್ಕಿನ ರೀಬೆ ಊರಲ್ಲಿ ಹುಟ್ಟಿದವರು. ಮನೆಯಲ್ಲಿ ಬಡತನ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡಿದರು, ಕಾದಂಬರಿ ಬರೆದು ಅದರ ದುಡ್ಡಲ್ಲಿ ಓದಿದರು, ಡಾರ್ವಿನ್‌ನ ಬೀಗಲ್ ಪ್ರವಾಸದ ಪುಸ್ತಕವನ್ನ ಒಬ್ಬ ಜೊತೆಗಾರನೊಂದಿಗೆ ಡೇನಿಷ್ ಭಾಷೆಗೆ ತಂದರು. ಸಗಣಿ ಮೇಲೆ ಬೆಳೆಯುವ ಬೂಷ್ಟು, ಅಣಬೆಗಳ ಮೇಲೆ ಪ್ರಬಂಧ ಬರೆದು 1876ರಲ್ಲಿ ಚಿನ್ನದ ಪದಕ ಗೆದ್ದರು. ಸಗಣಿ ಪರೀಕ್ಷೆ ಮಾಡಿದ ಮನುಷ್ಯನೇ ಮುಂದೆ ಬಿಯರಿನ ಶುಚಿತ್ವದ ಗುರು ಆದದ್ದು. 1879ರಿಂದ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ ಜೀವವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

1883ರಲ್ಲಿ ಕಾರ್ಲ್ಸ್‌ಬರ್ಗ್ ಬಿಯರಿಗೆ 'ಕಾಯಿಲೆ' ಬಂತು. ಕೆಟ್ಟ ಕಹಿ, ಕೆಟ್ಟ ವಾಸನೆ. ತೊಳೆಯೋದರಲ್ಲಿ ಕಡಿಮೆ ಮಾಡಿರಲಿಲ್ಲ. ಪಾಶ್ಚರ್ ಪುಸ್ತಕದ ಪ್ರಕಾರ ಬ್ಯಾಕ್ಟೀರಿಯಾ ಇರಬೇಕು. ಯಾಕೋಬ್‌ಸನ್ ಅಂತೂ ಪಾಶ್ಚರ್ ಭಕ್ತರು, ಅವರ ಅಮೃತಶಿಲೆಯ ಪ್ರತಿಮೆಯನ್ನೇ ಮಾಡಿಸಿದವರು. ಆದರೆ ಹ್ಯಾನ್ಸನ್ ಬೇರೆ ಮಾತು ಹೇಳಿದರು. ಕಳ್ಳ ಹೊರಗಿನವನಲ್ಲ, ಯೀಸ್ಟಿನೊಳಗೇ ಇದ್ದಾನೆ. ನಾವು ಒಂದು ಯೀಸ್ಟ್ ಅಂದುಕೊಂಡಿರೋದು ಒಂದಲ್ಲ, ಹಲವು ಜಾತಿಗಳ ಬೆರಕೆ. ಅದರಲ್ಲಿ ಕಾಡುಜಾತಿಯವು ಸೇರಿಕೊಂಡು ರುಚಿ ಕೆಡಿಸ್ತಾ ಇವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲವೂ ಗುಂಡುಗುಂಡಗೆ ಒಂದೇ ಥರ, ಹಾಗಾಗಿ ನೋಡಿ ಹೇಳೋಕಾಗಲ್ಲ. ಇನ್ನೂ ಕಿರಿಕಿರಿಯ ವಿಷಯ: ಯೀಸ್ಟ್ ಶುದ್ಧ ಮಾಡೋಕೆ ಪಾಶ್ಚರ್ ಹೇಳಿಕೊಟ್ಟ ಟಾರ್ಟಾರಿಕ್ ಆಮ್ಲದ ಉಪಾಯದಲ್ಲಿ ಬ್ಯಾಕ್ಟೀರಿಯಾ ಸಾಯುತ್ತೆ ನಿಜ, ಆದರೆ ಕಾಡು ಯೀಸ್ಟಿಗೆ ಅದು ಹಬ್ಬ. ತೊಳೆದಷ್ಟೂ ಕಳ್ಳ ಬೆಳೀತಾನೆ!

ಹಾಗಾದ್ರೆ ಬೇರ್ಪಡಿಸೋದು ಹೇಗೆ? ಹ್ಯಾನ್ಸನ್ ಮಾಡಿದ್ದು ಕೇಳಿದರೆ ಇಷ್ಟೇನಾ ಅನ್ನಿಸುತ್ತೆ. ಯೀಸ್ಟನ್ನ ನೀರಲ್ಲಿ ಕಲಸಿ, ಒಂದು ಹನಿಯಲ್ಲಿ ಎಷ್ಟು ಕಣಗಳಿವೆ ಅಂತ ಎಣಿಸಿ, ಎರಡು ಹನಿಗೆ ಒಂದು ಕಣ ಬರುವಷ್ಟು ತೆಳು ಮಾಡೋದು. ಆಮೇಲೆ ಕುದಿಸಿ ಶುದ್ಧ ಮಾಡಿದ ಮಾಲ್ಟ್ ರಸದ ಹಲವು ಸೀಸೆಗಳಿಗೆ ಒಂದೊಂದು ಹನಿ. ಕೆಲವು ಸೀಸೆಗಳಲ್ಲಿ ಏನೂ ಬೆಳೆಯಲ್ಲ. ಕೆಲವದರಲ್ಲಿ ಎರಡು ಮೂರು ಚುಕ್ಕೆ. ಯಾವ ಸೀಸೆಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಏಳುತ್ತೋ ಅದು ಒಂದೇ ಕಣದ ಸಂತಾನ. ಆಮೇಲೆ ಕಾಖ್ ಅವರ ಜೆಲಟಿನ್ ತಟ್ಟೆಯ ಪದ್ಧತಿಯನ್ನೂ ಬಳಸಿಕೊಂಡರು. ಹೀಗೆ ಕಾರ್ಲ್ಸ್‌ಬರ್ಗ್ ಯೀಸ್ಟಿನಿಂದ ನಾಲ್ಕು ಜಾತಿ ಬೇರೆ ಮಾಡಿ, ಒಂದೊಂದರಲ್ಲೂ ಬಿಯರ್ ಮಾಡಿ ನೋಡಿದರು. ಒಂದರಲ್ಲಿ ಮಾತ್ರ ಒಳ್ಳೆ ಬಿಯರ್ ಬಂತು. ಯಾಕೋಬ್‌ಸನ್‌ಗೆ ಮೊದಲು ನಂಬಿಕೆ ಬರಲಿಲ್ಲ. ಆದರೆ ಪ್ರಯೋಗಕ್ಕೆ ಅಡ್ಡ ಬರಲಿಲ್ಲ. 1883ರ ನವೆಂಬರ್ 12ರಂದು ಆ ಶುದ್ಧ ಯೀಸ್ಟನ್ನ ಕಾರ್ಖಾನೆಯ ತೊಟ್ಟಿಗೆ ಹಾಕಿದರು. ಕಾಯಿಲೆ ಹೋಯಿತು.

ಈಗ ಆ ಷರತ್ತನ್ನ ನೆನಪಿಸಿಕೊಳ್ಳಿ. ಯುರೋಪಿನ ಎಲ್ಲಾ ಬ್ರೂವರಿಗಳೂ ಇದೇ ಕಾಯಿಲೆಯಲ್ಲಿ ನರಳ್ತಾ ಇವೆ, ಔಷಧಿ ಇರೋದು ಇವರೊಬ್ಬರ ಹತ್ತಿರ. ಬೀಗ ಹಾಕಿ ಇಟ್ಟುಕೊಂಡಿದ್ದರೆ ಎಷ್ಟು ಸಂಪಾದಿಸಬಹುದಿತ್ತು! ಯಾಕೋಬ್‌ಸನ್ ವಿಧಾನ ಪ್ರಕಟಿಸೋಕೆ ಬಿಟ್ಟರು, ಯೀಸ್ಟನ್ನೂ ಕೇಳಿದವರಿಗೆ ಕೊಟ್ಟರು. ಪಕ್ಕದ ಮನೆಯ ಹೆಪ್ಪು ಅಂದೆನಲ್ಲ, ಅದೇ. ಹ್ಯಾನ್ಸನ್ ಜಾಣ್ಮೆ ದೊಡ್ಡದು, ಒಪ್ಪೋಣ. ಆದರೆ ಹ್ಯಾನ್ಸನ್ ಅಲ್ಲದಿದ್ದರೆ ಐದು ವರ್ಷ ಬಿಟ್ಟು ಇನ್ನೊಬ್ಬರು ಮಾಡ್ತಿದ್ದರು. 1886ರಲ್ಲೇ ಹೈನೆಕೆನ್‌ನಲ್ಲಿ ಎಲಿಯನ್ ಅನ್ನೋರು ಅವರ ಸ್ವಂತ ಶುದ್ಧ ಯೀಸ್ಟ್ ಸಿದ್ಧ ಮಾಡಿದರು. ಗುಟ್ಟು ಇಡಲ್ಲ ಅಂದ ಮಾಲೀಕ ಸಿಗೋದು ಮಾತ್ರ ಕಷ್ಟ.

ಅದೇ ಲ್ಯಾಬಿನ ಇನ್ನೊಂದು ಕೋಣೆಯಲ್ಲಿ ಯೋಹಾನ್ ಕೆಲ್ಡಾಲ್ ಅನ್ನೋರು ಅದೇ 1883ರಲ್ಲಿ, ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟು ಅಂತ ಸಾರಜನಕ ಅಳೆದು ಹೇಳುವ ವಿಧಾನ ಕೊಟ್ಟರು. ಇವತ್ತಿಗೂ ಹಾಲು, ಬೇಳೆ, ಹಿಟ್ಟು ಎಲ್ಲದಕ್ಕೂ ಅದೇ ವಿಧಾನ ಬಳಸ್ತಾರೆ. ಅದರಲ್ಲಿ ಒಂದು ಕಿಂಡಿ ಇದೆ. ಅದು ಅಳೆಯೋದು ಸಾರಜನಕವನ್ನ, ಪ್ರೋಟೀನನ್ನಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಹಾಕಿ ಇದೇ ಪರೀಕ್ಷೆಯನ್ನ ಏಮಾರಿಸಿದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ವಿಷಯಾಂತರ ಆಯ್ತು, ಆದರೆ ಹೇಳಬೇಕಿತ್ತು. ಪಿಎಚ್ ಬಂದದ್ದು 1909ರಲ್ಲಿ, ಅದೇ ಪ್ರಯೋಗಾಲಯದಲ್ಲಿ ಸೋರೆನ್ಸನ್ ಅವರಿಂದ. ಹ್ಯಾನ್ಸನ್ ತೀರಿಕೊಂಡದ್ದೂ ಅದೇ ವರ್ಷ.

ಇನ್ನೊಂದು ಕಹಿ ಘಟನೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಶುದ್ಧ ಯೀಸ್ಟ್ ಬಂತು, ಇನ್ನೇನು ಭಯ ಅಂತ ಇದ್ದಾಗ, 1900ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತ ಜನರಿಗೆ ಕೈಕಾಲು ಜೋಮು ಹಿಡಿಯೋಕೆ, ಚರ್ಮ ಕಪ್ಪಾಗೋಕೆ ಶುರುವಾಯ್ತು. ಬಹಳ ವೈದ್ಯರು 'ಕುಡುಕರು, ಕುಡಿದು ನರ ಸತ್ತಿದೆ' ಅಂದುಬಿಟ್ಟರು. ರೆನಾಲ್ಡ್ಸ್ ಅನ್ನೋ ವೈದ್ಯರಿಗೆ ಮಾತ್ರ ಅನುಮಾನ ಬಂತು. ಬಿಯರ್ ತಂದು ಪರೀಕ್ಷೆ ಮಾಡಿದರೆ ಅದರಲ್ಲಿ ಆರ್ಸೆನಿಕ್, ಅಂದ್ರೆ ಪಾಷಾಣ. ಬಡವರ ಅಗ್ಗದ ಬಿಯರಿಗೆ ಮಾಲ್ಟ್ ಕಡಿಮೆ ಮಾಡಿ ಸಕ್ಕರೆ ಹಾಕ್ತಿದ್ದರು. ಆ ಸಕ್ಕರೆ ಮಾಡೋಕೆ ಬಳಸಿದ ಗಂಧಕಾಮ್ಲದಲ್ಲಿ ಪಾಷಾಣ ಇತ್ತು. ಸುಮಾರು 6000 ಜನ ಕಾಯಿಲೆ ಬಿದ್ದರು, 70ರಷ್ಟು ಜನ ಸತ್ತರು. ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯಲ್ಲಿ ತನಿಖಾ ಆಯೋಗ ಕೂತಿತು. ಆ ಬ್ರೂವರಿಗಳ ತೊಟ್ಟಿಗಳು ಫಳಫಳ ಹೊಳೀತಿದ್ದಿರಬಹುದು. ಚೀಲದಲ್ಲಿ ಏನು ಬಂತು ಅಂತ ನೋಡದಿದ್ದರೆ ತೊಟ್ಟಿ ತೊಳೆದು ಏನು ಪ್ರಯೋಜನ?

ಇಲ್ಲಿಂದ ಒಂದು ದೊಡ್ಡ ಜಿಗಿತ, 1965ಕ್ಕೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ. ಅಷ್ಟರಲ್ಲಿ ದೊಡ್ಡ ಕಂಪನಿಗಳು ಹ್ಯಾನ್ಸನ್ ವಿದ್ಯೆಯನ್ನ ಅರೆದು ಕುಡಿದು, ಎಲ್ಲಾ ಕಡೆ ಒಂದೇ ರುಚಿಯ ತೆಳು ಬಿಯರ್ ಮಾಡ್ತಾ ಇದ್ದವು. ಸಣ್ಣವರೆಲ್ಲ ಮುಚ್ಚಿ ಹೋಗ್ತಾ ಇದ್ದರು. ಉಳಿದ ಒಬ್ಬ ಸಣ್ಣವನು ಆಂಕರ್ ಬ್ರೂವರಿ. ಸೋರುವ, ಕೊಳಕು ಹಿಡಿದ ಜಾಗ. ಬಿಯರ್ ಎಷ್ಟೋ ಸಲ ಹುಳಿ. ಮುಚ್ಚುತ್ತಾರೆ ಅನ್ನೋ ಸುದ್ದಿ ಕೇಳಿ ಅದನ್ನ ಕೊಂಡವರು ಫ್ರಿಟ್ಜ್ ಮೇಟ್ಯಾಗ್, ಇಪ್ಪತ್ತೇಳು ವರ್ಷದ ಹುಡುಗ. ಮೇಟ್ಯಾಗ್ ಅಂದ್ರೆ ಅಮೆರಿಕದಲ್ಲಿ ಮನೆಮನೆಗೂ ಗೊತ್ತಿದ್ದ ವಾಷಿಂಗ್ ಮಷೀನ್. ಆ ಮನೆತನದ ಹುಡುಗ! ಅವರ ತಂದೆ ಚೀಸ್ ಮಾಡುವ ಡೈರಿಯನ್ನೂ ಶುರು ಮಾಡಿದ್ದರು. ಹಾಲಿನ ಮನೆಯಲ್ಲಿ ಬೆಳೆದವನಿಗೆ ಪಾತ್ರೆ ತೊಳೆಯೋದರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಅವರು ಹೊಸ ಬಿಯರ್ ಕಂಡುಹಿಡಿಯೋಕೆ ಹೋಗಲಿಲ್ಲ, ಮೊದಲು ತೊಳೆದರು. ಸಕ್ಕರೆ ಬಿಟ್ಟು ಪೂರ್ತಿ ಮಾಲ್ಟಿಗೆ ಬಂದರು. ಆಂಕರ್‌ನ ಸ್ಟೀಮ್ ಬಿಯರ್ ಅಗಲವಾದ, ತೆರೆದ ತೊಟ್ಟಿಗಳಲ್ಲಿ ಹುದುಗುವಂಥದ್ದು. ತೆರೆದ ತೊಟ್ಟಿ ಅಂದ್ರೆ ಗಾಳಿಯಲ್ಲಿರೋದೆಲ್ಲ ಒಳಗೆ. ತೊಟ್ಟಿ ಮುಚ್ಚಿದರೆ ರುಚಿ ಬದಲಾಗುತ್ತೆ. ಅದಕ್ಕೆ ಕೋಣೆಗೇ ಸೋಸಿದ ಗಾಳಿ ಬರುವ ಹಾಗೆ ಮಾಡಿದರು. ತೃಪ್ತಿ ಆಗಿ ಬಾಟಲಿಗೆ ತುಂಬೋಕೆ ಶುರು ಮಾಡುವಾಗ 1971. ಅಂದ್ರೆ ಆರು ವರ್ಷ. ಇವತ್ತಿನ 'ಕ್ರಾಫ್ಟ್ ಬಿಯರ್' ಅನ್ನೋದು ಇಲ್ಲಿಂದ ಶುರುವಾಯ್ತು ಅಂತ ಬಹಳ ಜನ ಹೇಳ್ತಾರೆ.

ಆಂಕರ್ ನೋಡಿ ಬಂದ ಮುಂದಿನ ಪೀಳಿಗೆಗೆ ಇನ್ನೂ ಕಷ್ಟ, ಅವರ ಹತ್ತಿರ ಮನೆತನದ ದುಡ್ಡಿರಲಿಲ್ಲ. ಕ್ಯಾಲಿಫೋರ್ನಿಯಾದ ಚೀಕೊ ಊರಲ್ಲಿ 1980ರಲ್ಲಿ ಕೆನ್ ಗ್ರಾಸ್‌ಮನ್ ಮತ್ತು ಪಾಲ್ ಕಮುಸಿ ಹಳೇ ಡೈರಿಗಳ ತೊಟ್ಟಿ ತಂದು, ಕೈಯಾರೆ ವೆಲ್ಡಿಂಗ್ ಮಾಡಿ ಸಿಯೆರಾ ನೆವಾಡಾ ಕಟ್ಟಿದರು. ಅವರ ಪೇಲ್ ಏಲ್ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲಿಲ್ಲ. ಸುಮಾರು ಹತ್ತು ಬ್ಯಾಚ್ ಚರಂಡಿಗೆ ಸುರಿದರು. ಸಾಲ ಮಾಡಿ ಕೊಂಡ ಮಾಲ್ಟು, ಹಾಪ್ಸು. ಅಂಗಡಿಗೆ ಕಳಿಸಿದ್ದರೆ ಒಂದಷ್ಟು ಜನ ಕುಡೀತಿದ್ದರು, ಬಾಡಿಗೆ ಹುಟ್ಟುತ್ತಿತ್ತು. ಅವರು ಕಳಿಸಲಿಲ್ಲ. ತಪ್ಪು ಇದ್ದದ್ದು ಯೀಸ್ಟಿಗೆ ಸಾಕಷ್ಟು ಆಮ್ಲಜನಕ ಸಿಗದೇ ಇದ್ದದ್ದರಲ್ಲಿ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಕೊಳಕು ಬಿಯರ್ ಕುಡಿದು ಕಾಲರಾ ಬಂತು ಅನ್ನೋದು ಅಪರೂಪ. ಮದ್ಯ, ಹಾಪ್ಸ್, ಹುಳಿ ಗುಣ ಎಲ್ಲ ಸೇರಿ ರೋಗದ ಕ್ರಿಮಿಗಳನ್ನ ಬಿಡೋದಿಲ್ಲ. ಅದಕ್ಕೇ ತೊಳೆಯದಿದ್ದರೂ ತಕ್ಷಣ ಯಾರೂ ಸಿಕ್ಕಿಬೀಳಲ್ಲ. ಮದ್ಯಕ್ಕೂ ಹಾಪ್ಸಿಗೂ ಹೆದರದ ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಉಳಿದು ರುಚಿ ಕೆಡಿಸ್ತವೆ. ನೀರಾ ಇಳಿಸೋರು ಮಡಕೆಗೆ ಸುಣ್ಣ ಬಳೀತಾರಲ್ಲ, ಹುಳಿ ಬರದ ಹಾಗೆ? ಸುಣ್ಣ ಬಳಿಯದಿದ್ದರೆ ಅದೇ ರಸ ಕಳ್ಳಾಗುತ್ತೆ. ಮಡಕೆಯ ಮೈಯಲ್ಲಿ ಏನಿದೆ ಅನ್ನೋದೇ ಎಲ್ಲ. ಬ್ರೂವರಿಯಲ್ಲೂ ಅಷ್ಟೇ. ಮಾಲ್ಟ್ ರಸ ಕುದಿಯುವವರೆಗೆ ಭಯ ಇಲ್ಲ. ತಣ್ಣಗಾದ ಕ್ಷಣದಿಂದ ಯೀಸ್ಟ್ ಹಾಕಿ ಅದು ಹಿಡಿದುಕೊಳ್ಳುವವರೆಗೆ, ಸಕ್ಕರೆ ನೀರು ಊರಿಗೆಲ್ಲ ಊಟ ಹಾಕಿದ ಹಾಗೆ. ಆ ರಸ ಮುಟ್ಟುವ ಪ್ರತಿ ಪೈಪು, ಪ್ರತಿ ರಬ್ಬರ್ ವಾಷರ್ ಶುಚಿ ಇರಬೇಕು.

ಶುಚಿ ಅಂದ್ರೆ ಎರಡು ಕೆಲಸ. ಮೊದಲು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಜಿಡ್ಡು ತೆಗೆಯೋದು, ಆಮೇಲೆ ಪೆರಾಸಿಟಿಕ್ ಆಮ್ಲದಂಥದ್ದರಲ್ಲಿ ಕ್ರಿಮಿ ಕೊಲ್ಲೋದು. ಜಿಡ್ಡಿನ ಮೇಲೆ ಕ್ರಿಮಿನಾಶಕ ಸುರಿದರೆ ಪ್ರಯೋಜನ ಇಲ್ಲ. ಜೊತೆಗೆ ತೊಟ್ಟಿಯೊಳಗೆ 'ಬಿಯರ್ ಕಲ್ಲು' ಕಟ್ಟುತ್ತೆ, ನಿಮ್ಮ ಗೀಸರ್ ಒಳಗೆ ಗಡಸು ನೀರಿನ ಬಿಳಿ ಪದರ ಕಟ್ಟುತ್ತಲ್ಲ, ಆ ಥರ. ಅದರ ಸಂದುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತೆ. ಅದನ್ನ ತೆಗೆಯೋಕೆ ಆಮ್ಲವೇ ಬೇಕು. ಬ್ರೂವರಿಯ ಕೆಲಸ ಅಂದ್ರೆ ಬಹುಪಾಲು ತೊಳೆಯೋದೇ ಅಂತ ಆ ಕೆಲಸದವರು ಹೇಳೋದು ಸುಮ್ಮನೆ ಅಲ್ಲ.

ಪುಣೆಯವರಿಗೆ ಇದು ದೂರದ ಕಥೆ ಅಲ್ಲ. 2009ರಲ್ಲಿ ಅಲ್ಲಿ ಶುರುವಾದ ಡೂಲಾಲಿ ನಮ್ಮ ದೇಶದ ಮೊದಮೊದಲ ಮೈಕ್ರೋಬ್ರೂವರಿಗಳಲ್ಲೊಂದು, ಬೆಂಗಳೂರು ಸ್ವಲ್ಪ ಹಿಂದೆಯೇ ಬಂತು. ಈಗ ನಮ್ಮ ಹುಡುಗರು ಎಷ್ಟೋ ಜನ ಇದೇ ಕೆಲಸದಲ್ಲಿದ್ದಾರೆ. ಗಾಜಿನ ಗೋಡೆಯಾಚೆ ಹೊಳೆಯುವ ತೊಟ್ಟಿ ನೋಡಿ ಮರುಳಾಗಬೇಡಿ. ಗ್ಲಾಸ್ ನೋಡಿ. ಒಳಗಿನ ಗೋಡೆಗೆ ಗುಳ್ಳೆ ಅಂಟಿಕೊಂಡಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ. ಬಿಯರಿನಲ್ಲಿ ಬೆಣ್ಣೆ ವಾಸನೆ ಬಂದರೆ ಒಂದೋ ಅವಸರ ಮಾಡಿದ್ದಾರೆ, ಇಲ್ಲವೋ ನಲ್ಲಿಯ ಪೈಪು ವಾರಗಟ್ಟಲೆ ತೊಳೆದಿಲ್ಲ. ಕೇಳಿ, ಪೈಪು ಯಾವಾಗ ತೊಳೆದಿರಿ ಅಂತ. ಎರಡು ವಾರಕ್ಕೊಮ್ಮೆ ಅನ್ನೋದು ಒಳ್ಳೆ ಜಾಗದ ಉತ್ತರ. ತಡವರಿಸಿದರೆ ನಿಂಬೆಹಣ್ಣಿನ ಸೋಡಾ ತಗೊಳ್ಳಿ.

ಕಾರ್ಲ್ಸ್‌ಬರ್ಗಿನ ಹಳೇ ನೆಲಮಾಳಿಗೆಯಲ್ಲಿ 1883ರ ಕಾಲದ ಒಂದು ಬಾಟಲಿ ಸಿಕ್ಕಿತು. ಅದರ ತಳದ ಕೆಸರಲ್ಲಿ ಯೀಸ್ಟ್ ಇನ್ನೂ ಜೀವಂತ ಇತ್ತು. ಲ್ಯಾಬಿನವರು ಅದನ್ನ ಬೆಳೆಸಿ 2016ರಲ್ಲಿ ಬಿಯರ್ ಮಾಡಿದರು. ಆಂಕರ್ ಕಥೆ ಅಷ್ಟು ಸುಖವಾಗಿಲ್ಲ. ಮೇಟ್ಯಾಗ್ 2010ರಲ್ಲಿ ಮಾರಿದರು, 2017ರಲ್ಲಿ ಜಪಾನಿನ ಸಪ್ಪೊರೊ ಕೈಗೆ ಹೋಯಿತು, 2023ರಲ್ಲಿ ಬಾಗಿಲು ಮುಚ್ಚಿತು. ಮರುವರ್ಷ ಅದನ್ನ ಕೊಂಡವರು ಹಮ್ದಿ ಉಲುಕಾಯ, ಅಮೆರಿಕದಲ್ಲಿ ಚೊಬಾನಿ ಅನ್ನೋ ಹೆಸರಲ್ಲಿ ಮೊಸರು ಮಾರಿ ದೊಡ್ಡವರಾದವರು.